ಗ್ಲಾಸು ಕಾಯುವವನು

ನಾನು ಸಿಗರೇಟು ಸೇದುವುದಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಕಾಲೇಜಲ್ಲಿ ಒಂದು ಸಲ ದಮ್ ಎಳೆದು, ಕಣ್ಣು ಮೂಗೆಲ್ಲ ನೀರಾಗಿ, ಗೆಳೆಯರ ಮುಂದೆ ಮಾನ ಹೋಗಿತ್ತು, ಅಷ್ಟೆ. ಆದರೆ ತಿಂಗಳಿಗೊಮ್ಮೆ ಅದೇ ಗೆಳೆಯರ ಜೊತೆ ತೀರ್ಥಹಳ್ಳಿ ರಸ್ತೆಯ ಒಂದು ಬಾರಿಗೆ ಹೋಗಿ ಕೂರುತ್ತೇನೆ. ನಾಲ್ವರಲ್ಲಿ ಮೂವರು ಸೇದುವವರು. ಹಾಗಾಗಿ ಬಾರಲ್ಲಿ ಸಿಗರೇಟು ಬಂದ್ ಆಗಿದ್ದರಿಂದ ಜಾಸ್ತಿ ತೊಂದರೆ ಆಗಿದ್ದು ನನಗೇ.

ಮೊದಲು ಒಳಗೆ ಆಗುಂಬೆ ಘಾಟಿಯ ಮಂಜಿನ ಹಾಗೆ ಹೊಗೆ ಕವಿದಿರುತ್ತಿತ್ತು. ಎದುರಿಗಿದ್ದವನ ಮುಖ ಕಾಣದಿದ್ದರೂ ಮಾತು ಕೇಳುತ್ತಿತ್ತು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವ ನಿಯಮ ದೇಶಕ್ಕೆಲ್ಲ ಜಾರಿಯಾಗಿದ್ದು 2008ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿ ದಿನ ಬಾರೇ ಬಾಗಿಲು ಹಾಕಿರುತ್ತೆ ಅಲ್ವಾ, ಅದಕ್ಕೇ ಇರಬೇಕು, ನಮ್ಮ ಬಾರಿಗೆ ವಿಷಯ ಗೊತ್ತಾಗಲಿಲ್ಲ. ಮಾರನೇ ದಿನವೂ ಗೊತ್ತಾಗಲಿಲ್ಲ. ಆಮೇಲೆ ಯಾವಾಗಲೋ ಗೋಡೆಗೆ ಬೋರ್ಡು ಬಂತು, ಜನ ಅದರ ಕೆಳಗೇ ಕೂತು ಸೇದಿದರು. ದಂಡ 200 ರೂಪಾಯಿ, ಅದನ್ನು ಕೇಳುವವರೂ ಇಲ್ಲ. 2025ರಲ್ಲಿ ಕರ್ನಾಟಕದ ತಿದ್ದುಪಡಿ ಬಂದು ದಂಡ 1000 ರೂಪಾಯಿವರೆಗೆ ಏರಿದ ಮೇಲೆ ಓನರ್‌ಗೆ ತಟ್ಟನೆ ಬೋರ್ಡು ಓದಲು ಬಂತು.

30 ಸೀಟಿನ ರೆಸ್ಟೋರೆಂಟಾದರೆ ಸೇದುವವರಿಗೆ ಬೇರೆ ಜಾಗ ಮಾಡಿಕೊಡಲು ಕಾನೂನಲ್ಲೇ ದಾರಿ ಇದೆ. ನಮ್ಮಲ್ಲಿ ಇರುವುದು ಹದಿನೆಂಟು ಕುರ್ಚಿ, ಅದರಲ್ಲಿ ಎರಡಕ್ಕೆ ಕಾಲು ನೆಟ್ಟಗಿಲ್ಲ. ಹಾಗಾಗಿ ಎಲ್ಲರೂ ಹೊರಗೆ, ಸೂರಿನ ಕೆಳಗೆ.

ಜುಲೈ ತಿಂಗಳು. ಹೆಂಚಿನಿಂದ ನೀರು ದಾರ ಕಟ್ಟಿದ ಹಾಗೆ ಇಳಿಯುತ್ತಿದೆ. ಬೆಂಕಿಪೊಟ್ಟಣ ತಂಡಿ ಹಿಡಿದು, ನಾಲ್ಕು ಕಡ್ಡಿ ಗೀರಿದರೆ ಒಂದು ಹತ್ತುತ್ತದೆ. ಹತ್ತಿದ್ದೇ ತಡ, ಗುರುತಿಲ್ಲದವರೂ ಗೋಡೆಗೆ ಬೆನ್ನು ಹಚ್ಚಿಕೊಂಡೇ ಬಂದು, ಅಂಗೈ ಗೂಡಿನೊಳಗೆ ತಲೆ ತೂರಿಸುತ್ತಾರೆ. ಒಬ್ಬರ ಬೆಂಕಿಯಿಂದ ಇನ್ನೊಬ್ಬರು. ಅಷ್ಟಾದ ಮೇಲೆ ಅಡಿಕೆ ರೇಟು, ಕೊಳೆರೋಗ, ಎರಡನೇ ಸಲದ ಔಷಧಿ ಹೊಡೆಯಲು ಮಳೆ ಬಿಡುತ್ತೋ ಇಲ್ಲವೋ. ನಾನು ಒಳಗೆ ಮೂರು ಗ್ಲಾಸು, ಮೂರು ಫೋನು, ಒಂದು ಪ್ಲೇಟು ಶೇಂಗಾ ಮಸಾಲೆ ಕಾಯುತ್ತಾ ಕೂತಿರುತ್ತೇನೆ. ಹೊರಗಿನ ನಗು ಕೇಳುತ್ತದೆ, ಯಾಕೆ ಅಂತ ಕೇಳಿಸುವುದಿಲ್ಲ. ಹೆಗಲು ಒದ್ದೆ ಮಾಡಿಕೊಂಡು ಒಳಗೆ ಬಂದವರನ್ನು ಕೇಳಿದರೆ, ‘ಏನಿಲ್ಲ ಮಾರಾಯ, ಸುಮ್ನೆ’ ಅನ್ನುತ್ತಾರೆ. ಶೇಂಗಾ ಅಷ್ಟರಲ್ಲಿ ಖಾಲಿ. ಕಾವಲುಗಾರನಿಗೂ ಸಂಬಳ ಬೇಡವೇ?

ಮನೆಯಲ್ಲೂ ಕಷ್ಟ. ಮುಂಚೆ ಅಂಗಿ ತುಂಬ ಹೊಗೆ ವಾಸನೆ ಇರುತ್ತಿತ್ತು. ‘ಪಕ್ಕದವರು ಸೇದಿದ್ದು ಕಣೇ’ ಅಂದರೆ ನಿಜವೂ ಆಗುತ್ತಿತ್ತು, ಉಳಿದ ವಾಸನೆಯೂ ಅದರಡಿ ಮುಚ್ಚಿಹೋಗುತ್ತಿತ್ತು. ಈಗ ಅಂಗಿ ಮಡಿ, ಬಾಯಿ ಮಾತ್ರ ಸಿಕ್ಕಿಬೀಳುತ್ತದೆ.

ಖುಷಿಯಾಗಿರುವುದು ಸಪ್ಲೈಯರ್. ‘ನಾನು ಜನ್ಮದಲ್ಲಿ ಒಂದು ಬೀಡಿ ಹಚ್ಚಿದೋನಲ್ಲ ಸಾರ್. ಆದ್ರೂ ರಾತ್ರಿ ಮನೆಗೆ ಹೋದ್ರೆ ಕೆಮ್ಮು. ಈಗ ಪರವಾಗಿಲ್ಲ’ ಅಂದ. ನಾನು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಐರ್ಲೆಂಡಿನವರು 2004ರಲ್ಲಿ ಪಬ್ಬುಗಳಲ್ಲಿ ಸೇದುವುದನ್ನು ನಿಲ್ಲಿಸಿದ್ದೂ ಮುಖ್ಯವಾಗಿ ಇಂಥ ಕೆಲಸದವರಿಗಾಗಿಯೇ. ನಮ್ಮ ಹಾಗೇ ಮಳೆಯ ದೇಶ ಅದು. ಅಲ್ಲೂ ಯಾರೋ ನನ್ನಂಥವನೊಬ್ಬ ಒಳಗೆ ಗ್ಲಾಸು ಕಾಯುತ್ತಿರಬೇಕು.

ನಿಯಮದ ಪ್ರಕಾರ ಈಗ ಆಶ್‌ಟ್ರೇಯನ್ನೂ ಇಡುವಂತಿಲ್ಲ. ಓನರ್ ಅವನ್ನು ಎಸೆದಿಲ್ಲ. ಮೊನ್ನೆ ಬಿಲ್ಲಿನ ಜೊತೆ ಸೋಂಪು ಬಂತು, ಅಂಚಿನಲ್ಲಿ ಸಿಗರೇಟು ಒರಗಿಸುವ ಮೂರು ಕಚ್ಚು ಇರುವ ಸ್ಟೀಲಿನ ತಟ್ಟೆಯಲ್ಲಿ. ನಾನು ಅದನ್ನೇ ನೋಡುತ್ತಿದ್ದೆ.

‘ತೊಳ್ದಿದೀನಿ ಸಾರ್’ ಅಂದ ಸಪ್ಲೈಯರ್.

ಹೊರಗೆ ಮತ್ತೆ ಜೋರಾಗಿ ನಗು. ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡೆ.