ಅಮ್ಮ ಬೆರಳಿಟ್ಟು ತೋರಿಸಿದ ಜಾಗ

ಅಮ್ಮನಿಗೆ 72 ವರ್ಷ. ಹತ್ತು ವರ್ಷಗಳಿಂದ ಮಂಡಿನೋವು. ಹಾಗಾಗಿ ಅವಳ ಕಾಲಿನ ಯಾವ ನೋವನ್ನೂ ನಾವು ಮಂಡಿಯ ಖಾತೆಗೇ ಬರೆದುಬಿಡುತ್ತಿದ್ದೆವು.

ಯುಗಾದಿಯ ಹೊತ್ತಿಗೆ “ಬಲಗಾಲಿನ ಗಿಣ್ಣು ನೋಯುತ್ತದೆ ಕಣೋ” ಎಂದಳು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಅಕ್ಕ ವಾಯು ಎಂದಳು, ಎದುರುಮನೆಯವರು ಉಳುಕು ಎಂದರು. ಉಳುಕು ತೆಗೆಯುವವರು ಬಂದು ಎಣ್ಣೆ ಹಚ್ಚಿ ನೀವಿ ಎಳೆದರು. ಆ ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ಎಕ್ಸ್‌ರೇ ತೆಗೆಸಿದರೆ, “ಏನೂ ಇಲ್ಲ, ಮಂಡಿ ಸವೆದಿದೆಯಲ್ಲ, ಅದರದ್ದೇ” ಎಂದು ಮಾತ್ರೆ ಬರೆದುಕೊಟ್ಟರು. ಅಮ್ಮ ಮತ್ತೆ ಒಲೆಯ ಮುಂದೆ ನಿಂತಳು. ನಾವು ನಿಲ್ಲಿಸಿದೆವು ಎನ್ನುವುದೇ ಸರಿ.

ಮೂರು ವಾರದ ಮೇಲೆ ಬೇರೊಬ್ಬ ಮೂಳೆ ವೈದ್ಯರು ಕಾಲು ಮುಟ್ಟುವ ಮೊದಲು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ತರಿಸಿ ನೋಡಿದರು. ಒಳ ಅಂಚು ಸವೆದು ತೆಳ್ಳಗಾಗಿತ್ತು, ಹೊರ ಅಂಚು ಹೊಸದರಂತೆಯೇ ಇತ್ತು. ಮಂಡಿ ಒಳಕ್ಕೆ ವಾಲಿದರೆ ಮೈಭಾರ ನೇರವಾಗಿ ಇಳಿಯುವುದಿಲ್ಲ. ಗಿಣ್ಣಿನ ಹೊರಬದಿಯ ಫಿಬುಲಾ ಎಂಬ ಸಣ್ಣ ಮೂಳೆ ಹೆಜ್ಜೆಹೆಜ್ಜೆಗೂ ಒತ್ತಡ ತಿನ್ನುತ್ತದೆ. ಮೂಳೆಯೂ ಟೊಳ್ಳಾಗಿದ್ದರೆ ಬೀಳದೆಯೇ ಬಿರುಕು ಬಿಡುತ್ತದೆ. ಇಂಥ ಬಿರುಕು ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಎಂಆರ್‌ಐ ಬೇಗ ಹಿಡಿಯುತ್ತದೆ. ಅಮ್ಮನ ಎರಡನೆಯ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಗೆರೆ ಇತ್ತು, ಅದರ ಸುತ್ತ ಮಂಜು ಕವಿದಂತೆ ಹೊಸ ಮೂಳೆ.

ನನ್ನ ಸಿಟ್ಟು ಮೊದಲ ಎಕ್ಸ್‌ರೇಯ ಮೇಲಲ್ಲ. ಮಂಡಿ ನೋಯುವಾಗ ಅಮ್ಮ ಅಂಗೈಯಿಂದ ಇಡೀ ಮಂಡಿ ಸವರುತ್ತಾಳೆ. ಈ ನೋವಿಗೆ ಮಾತ್ರ ಮೊದಲ ದಿನದಿಂದಲೂ ತೋರುಬೆರಳನ್ನು ಗಿಣ್ಣಿಗಿಂತ ಮೂರು ಬೆರಳು ಮೇಲೆ ಇಟ್ಟು “ಇಲ್ಲೇ” ಎನ್ನುತ್ತಿದ್ದಳು. ನಡೆದರೆ ಜಾಸ್ತಿ, ಕೂತರೆ ಕಡಿಮೆ. ಆ ಬೆರಳಿನ ಜಾಗವನ್ನು ಒತ್ತಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ನನಗೂ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ; ಅಮ್ಮನದು ಮೈನಸ್ 3.2. “ಮಂಡಿನೋವಿಗೆ ಚೀಟಿಯಿಲ್ಲದ ಪುಡಿ ಏನಾದರೂ ತಿನ್ನುತ್ತಿದ್ದಿರಾ?” ಎಂದು ವೈದ್ಯರು ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ಜಾತ್ರೆಯಲ್ಲಿ ಪೊಟ್ಟಣ ತಂದುಕೊಟ್ಟವನು ನಾನೇ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು, ಅದನ್ನು ಬಹುಕಾಲ ತಿಂದರೆ ಮೂಳೆ ಸೊರಗುತ್ತದೆ. ನೋವು ಅಷ್ಟು ಬೇಗ ಇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಾಲಿಗೆ ಆರು ವಾರ, ಗಿಣ್ಣು ಅಲುಗದಂತೆ ಹಿಡಿಯುವ ಬೂಟು. ಅಮ್ಮ ಈಗ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾಳೆ, ಒಗ್ಗರಣೆ ನನ್ನ ಪಾಲಿನದು. ಸಾಸಿವೆ ಸೀದರೆ ಹಜಾರದಿಂದಲೇ ಬೈಗುಳ ಬರುತ್ತದೆ.