ಡಚ್ಚರ ಅಡ್ಡಹೆಸರುಗಳು ತಮಾಷೆಗೆ ಹುಟ್ಟಿದವೇ?

ನೆಪೋಲಿಯನ್ ಆಳ್ವಿಕೆಯಲ್ಲಿ ಅಡ್ಡಹೆಸರು (ಮನೆತನದ ಹೆಸರು) ಕಡ್ಡಾಯವಾದಾಗ ಡಚ್ಚರು ಅಧಿಕಾರಿಗಳನ್ನು ಗೇಲಿ ಮಾಡಲು ವಿಚಿತ್ರ ಹೆಸರುಗಳನ್ನು ಬರೆಸಿದರು ಎಂಬ ಸಂದೇಶ ಆಗಾಗ ಕೈಯಿಂದ ಕೈಗೆ ಸಾಗುತ್ತಿರುತ್ತದೆ. ಕಥೆ ಸೊಗಸಾಗಿದೆ, ನಂಬಿದವರನ್ನು ದೂರುವಂತಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ.

1811ರ ಆಗಸ್ಟ್ 18ರ ಆಜ್ಞೆ ನಿಜ. ಆದರೆ ಆ ವೇಳೆಗಾಗಲೇ ನೆದರ್ಲೆಂಡ್ಸ್‌ನ ಬಹುಪಾಲು ಜನರಿಗೆ ಅಡ್ಡಹೆಸರಿತ್ತು. ತಂದೆಯ ಹೆಸರನ್ನಷ್ಟೇ ಸೇರಿಸಿಕೊಳ್ಳುವ ರೂಢಿ ಹೆಚ್ಚಾಗಿ ಉಳಿದಿದ್ದದ್ದು ಫ್ರೀಸ್‌ಲ್ಯಾಂಡ್‌ನಂಥ ಉತ್ತರದ ಪ್ರಾಂತ್ಯಗಳಲ್ಲಿ. ಸಂದೇಶಗಳ ಅಚ್ಚುಮೆಚ್ಚಿನ ಉದಾಹರಣೆಯಾದ ‘ನಾಕ್ಟ್‌ಗೆಬೋರೆನ್’ ಕೇಳಲು ‘ಬೆತ್ತಲೆ ಹುಟ್ಟಿದವ’ ಎಂಬಂತಿದ್ದರೂ, ಅದು ತಂದೆಯ ಮರಣಾನಂತರ ಜನಿಸಿದವನನ್ನು ಸೂಚಿಸುವ ಜರ್ಮನ್ ಪದದಿಂದ ಬಂದಿರಬೇಕೆಂಬುದು ಸಾಮಾನ್ಯ ವಿವರಣೆ, ಮತ್ತು ಅದು 1811ಕ್ಕಿಂತ ಹಿಂದೆಯೇ ಬಳಕೆಯಲ್ಲಿತ್ತು. 2007ರ ಎಣಿಕೆಯಲ್ಲಿ 80 ಸಾವಿರಕ್ಕೂ ಹೆಚ್ಚು ಜನರಿಗಿದ್ದ ‘ಡೆ ಯೋಂಗ್’ ಎಂಬುದಂತೂ ‘ಕಿರಿಯ’ ಎಂಬ ಸರಳ ಗುರುತು (ನಮ್ಮೂರುಗಳಲ್ಲಿ ಒಂದೇ ಹೆಸರಿನ ಇಬ್ಬರನ್ನು ದೊಡ್ಡ, ಚಿಕ್ಕ ಎಂದು ಕರೆದ ಹಾಗೆ).

ಪರೀಕ್ಷಿಸುವುದು ಕಷ್ಟವಲ್ಲ. ಡಚ್ ಚರ್ಚುಗಳ ಹಳೆಯ ದೀಕ್ಷಾಸ್ನಾನ, ವಿವಾಹ ದಾಖಲೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಸಂದೇಶ ಹೇಳುವ ಹೆಸರು 1811ಕ್ಕೆ ಮುಂಚಿನ ಪುಟದಲ್ಲಿ ಸಿಕ್ಕರೆ, ಆ ಹೆಸರಿನ ಮಟ್ಟಿಗೆ ಗೇಲಿಯ ಕಥೆ ನಿಲ್ಲುವುದಿಲ್ಲ.