ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ ಬಂದಿರೋ ಆ ಮೆಸೇಜ್ ತಪ್ಪದ

"ವಿಡಿಯೋ ಕಾಲ್‌ನ್ಯಾಗ ಕೌನ್ಸೆಲಿಂಗ್ ತಗೊಂಡ್ರ ಮೊದಲ ದಿನಾನ ಗುಳಿಗಿ ಬರೀತಾರ, ಮನಿಯವರಿಗೂ ಸುದ್ದಿ ಮುಟ್ಟಿಸ್ತಾರ" ಅನ್ನೋ ಮೆಸೇಜ್ ನಮ್ಮ ಹುಬ್ಬಳ್ಳಿ-ಧಾರವಾಡದ ಗ್ರೂಪ್‌ಗಳಾಗ ಓಡಾಡಾಕತ್ತದ. ಮೊನ್ನೆ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸ್ರಿ.

ಗುಳಿಗಿ ಬರಿಯೋರು ಮನೋವೈದ್ಯರು. ಕೌನ್ಸೆಲಿಂಗ್ ಮಾಡೋ ಆಪ್ತಸಮಾಲೋಚಕರಿಗೆ ಆ ಅಧಿಕಾರ ಇಲ್ಲ. ಮೊದಲ ಭೇಟಿ ಹೆಚ್ಚಾಗಿ ಕೇಳಿ ತಿಳ್ಕೊಳ್ಳೋದರಾಗ ಹೋಗ್ತದ: ನಿದ್ದಿ ಹೆಂಗದ, ಊಟ ಸೇರ್ತದೇನು, ಮನಿ, ಕೆಲಸ, ಏನು ಬದಲಾಗಬೇಕು ಅಂತ. ಅವತ್ತೇ ಹಗುರ ಅನಿಸದಿದ್ರ ಗಾಬರಿಯಾಗಬ್ಯಾಡ್ರಿ. ಸಣ್ಣ ಮನಿಯಾಗ ಏಕಾಂತ ಸಿಗೂದಿಲ್ಲ, ಇಯರ್‌ಫೋನ್ ಹಾಕ್ಕೊಂಡು ಮಾಳಿಗಿ ಮ್ಯಾಲೆ ಕೂತ್ರೂ ನಡೀತದ.

ಗುಟ್ಟಿನ ಮಾತಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರಕ್ಷಣೆ ಅದ. ಜೀವಕ್ಕ ಅಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಮಾತ್ರ ಬ್ಯಾರೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (ಫೋನ್ 14416) ಉಚಿತ, ಕನ್ನಡದಾಗ ಮಾತಾಡಬಹುದು. ಆ ಹಳೇ ಮೆಸೇಜ್ ದಯವಿಟ್ಟು ಮುಂದ ಕಳಿಸಬ್ಯಾಡ್ರಿ.